ಅಕ್ಕನ ಹಲ್ಲು ನೋಡಲು ಒಂದು ಲೆನ್ಸು

ನಮ್ಮ ಊರಿನಲ್ಲಿ ಟೆಲಿಫೋಟೋ ಲೆನ್ಸು ಕೊಳ್ಳಲು ಹೋದವನು ಅದು ಹಕ್ಕಿಗಳ ಫೋಟೋ ತೆಗೆಯಲಿಕ್ಕೆ ಎಂದೇ ಹೇಳಬೇಕು. ಅದು ಮರ್ಯಾದೆ. ಊರಿನಲ್ಲಿರುವ ಹಕ್ಕಿಗಳೆಂದರೆ ಕಾಗೆ, ಮೈನಾ, ಪುರಸಭೆಯ ಸೂರಿನ ಪಾರಿವಾಳ. ಅವುಗಳ ಫೋಟೋ ತೆಗೆದ ಒಬ್ಬನನ್ನೂ ನಾನು ಇಲ್ಲಿಯವರೆಗೆ ಕಂಡಿಲ್ಲ. ಆದರೂ ಮನೆಮನೆಯ ತಾರಸಿಯ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಸೋರೆಕಾಯಿ ಗಾತ್ರದ ಲೆನ್ಸು, ಮಳೆ ಬಂದರೆ ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ. ಹೊರಗಿನಿಂದ ಬಂದವರು ಈ ಊರಿನವರಿಗೆ ಪಕ್ಷಿಗಳೆಂದರೆ ಅದೆಷ್ಟು ಪ್ರೀತಿ ಎಂದು ಮೆಚ್ಚಿಕೊಳ್ಳುತ್ತಾರೆ. ನಾವು ಹೌದು ಹೌದು ಎಂದು ತಲೆ ಆಡಿಸುತ್ತೇವೆ.

ವಿಷಯ ಇಷ್ಟೇ. ನಮ್ಮಲ್ಲಿ ಇಬ್ಬರು ಮಾತು ಬಿಟ್ಟರೆ ಅವರ ಮನೆಗಳು ಒಂದರಿಂದ ಒಂದು ದೂರ ಸರಿಯುತ್ತವೆ. ಸಣ್ಣ ಮುನಿಸಾದರೆ ನಡುವೆ ಒಂದು ಓಣಿಯಷ್ಟು ಜಾಗ ಬೀಳುತ್ತದೆ. ದೊಡ್ಡದಾದರೆ ಆ ಜಾಗದಲ್ಲಿ ಲಂಟಾನ ಬೆಳೆದು, ದನ ಮೇಯಲು ಬಂದು, ಕೊನೆಗೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಜನ ಇದಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ. ಮಲ್ಲಿಗೆ ಬಳ್ಳಿ ಹಬ್ಬಿಸಲು ಜಾಗ ಬೇಕಾದವರು ಪಕ್ಕದ ಮನೆಯವರೊಂದಿಗೆ ಹದವಾದ ಒಂದು ಜಗಳ ತೆಗೆಯುತ್ತಾರೆ. ಅಂಗಳ ಸಾಕೆನಿಸಿದಾಗ ಒಂದು ತಟ್ಟೆ ಚಕ್ಕುಲಿ ಕಳಿಸಿ ಅದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಪೂರ್ತಿ ರಾಜಿಯಾಗುವಂತಿಲ್ಲ, ಆಗಿಬಿಟ್ಟರೆ ಬಳ್ಳಿಯ ಮೇಲೆ ಗೋಡೆ ಬಂದು ನಿಲ್ಲುತ್ತದೆ. ಗಂಡ ಹೆಂಡಿರಿಗೆ ಬೇಸರವಾದರೆ ಅಡುಗೆಮನೆ ಹಜಾರದಿಂದ ಹಿಂದಕ್ಕೆ ಹೋಗುತ್ತದೆ. ಕಾಫಿ ಆರಿ ಬಂದರೆ ನೆಂಟರು ಪರಿಸ್ಥಿತಿ ಅರ್ಥ ಮಾಡಿಕೊಂಡು ಚೀಲ ಹುಡುಕಲು ಶುರುಮಾಡುತ್ತಾರೆ. ಪುರಸಭೆಯವರು ಮಾತ್ರ ನಲ್ಲಿಯ ಪೈಪು ಎಳೆದೂ ಎಳೆದೂ ಬೇಸತ್ತು, ಒಡಹುಟ್ಟಿದವರಿಗೆ ಅಕ್ಕಪಕ್ಕ ಮನೆ ಕಟ್ಟಲು ಪರವಾನಗಿ ಕೊಡುವುದನ್ನೇ ನಿಲ್ಲಿಸಿದ್ದಾರೆ.

ನಡೆದುಕೊಂಡು ಹೋಗಿ ಮಾತಾಡಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಮುಗಿಯುತ್ತದೆ, ನಮಗೂ ಗೊತ್ತು. ಆದರೆ ಮೊದಲು ನಡೆದವನು ಸೋತಂತೆ. ಮೊದಲು ಫೋನ್ ಮಾಡಿದವನೂ ಸೋತಂತೆಯೇ. ದೂರದಿಂದ ನೋಡುವುದನ್ನು ಮಾತ್ರ ಯಾರೂ ಸೋಲೆಂದು ಎಣಿಸುವುದಿಲ್ಲ. ಆದ್ದರಿಂದ ಊರಿನ ಮಾನ ಕಾಪಾಡುತ್ತಿರುವುದು ಈ ಲೆನ್ಸುಗಳೇ.

ನಾನು ಹಲ್ಲಿನ ಸೆಟ್ಟು ಮಾಡುವವನು, ಹೆಸರು ಷಡಕ್ಷರಿ. ಊರಿನ ಹಿರಿಯರು ನಕ್ಕರೆ ಅದರಲ್ಲಿ ಅರ್ಧ ನನ್ನ ಕೈಕೆಲಸ. ನನ್ನ ಮನೆಗೂ ಅಕ್ಕ ಸರ್ವಮಂಗಳಳ ಮನೆಗೂ ಒಂದೇ ಗೋಡೆ ಇತ್ತು. ಅಕ್ಕ ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ದಿನವಿಡೀ ಅವರಿವರಿಗೆ ಸಂಪರ್ಕ ಕೊಟ್ಟೂ ಕೊಟ್ಟೂ ಉಳಿದ ಮಾತನ್ನೆಲ್ಲ ಮನೆಗೆ ತಂದು ನಮ್ಮ ಮೇಲೆ ಸುರಿಯುತ್ತಿದ್ದಳು. ಕೊಂಕು ನಮ್ಮ ಮನೆತನದ ಆಸ್ತಿ. ನನ್ನ ಪಾಲಿಗೆ ಸ್ವಲ್ಪ ಬಂದಿದೆ, ದೊಡ್ಡ ಪಾಲು ಅವಳದ್ದು. ನನ್ನ ಹೆಂಡತಿ ದಾಕ್ಷಾಯಿಣಿ ಗೋಡೆಯ ಮೇಲಿಂದ ಅವಳಿಗೆ ದಿನವೂ ಒಂದು ಬಟ್ಟಲು ಸಾರು ಕೊಡುತ್ತಿದ್ದಳು. ಅಕ್ಕ ದಿನವೂ ಆ ಸಾರಿಗೆ ಏನಾದರೊಂದು ಹೆಸರಿಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಹೋದ ವರ್ಷ ದಾಕ್ಷಾಯಿಣಿ ತೀರಿಕೊಂಡಳು. ಶಿವಗಣಾರಾಧನೆಯ ದಿನ, ಪಂಕ್ತಿಯಲ್ಲಿ ನೂರು ಜನ ಕೂತಿದ್ದಾಗ, ಅಕ್ಕ ಎಲೆಯ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟು, ಎಲ್ಲರಿಗೂ ಕೇಳುವ ಹಾಗೆ, ಈ ಮನೆಯಲ್ಲಿ ಸಾರು ರುಚಿಯಾಗಿರುವುದು ಇವತ್ತೇ ಮೊದಲು ಎಂದಳು. ನಾನು ಪಂಕ್ತಿಯ ಆ ತುದಿಯಲ್ಲಿ ತುಪ್ಪ ಬಡಿಸುತ್ತಿದ್ದೆ. ತುಪ್ಪದ ಮಿಳ್ಳೆ ಕೆಳಗಿಟ್ಟು ಒಳಗೆ ಹೋದವನು ಆಮೇಲೆ ಅವಳ ಮುಖ ನೋಡಲಿಲ್ಲ. ಸಂಜೆ ಹೊತ್ತಿಗೆ ಗೋಡೆ ಬಿರುಕು ಬಿಟ್ಟಿತು. ಮಾರನೆಯ ಬೆಳಿಗ್ಗೆ ಗೋಡೆ ಎರಡಾಗಿ ನಡುವೆ ಓಣಿ ಬಿದ್ದಿತ್ತು. ಓಣಿ ಬೀದಿಯಾಯಿತು, ಬೀದಿ ಬಯಲಾಯಿತು. ಮಾವಿನ ಮಿಡಿ ಬಿಡುವ ಕಾಲಕ್ಕೆ ಅಕ್ಕನ ಮನೆ ಎರಡು ಫರ್ಲಾಂಗು ಆಚೆ, ಪಡುವಣ ದಿಬ್ಬದ ಮಗ್ಗುಲಲ್ಲಿ ಅರ್ಧ ಹತ್ತಿ ನಿಂತಿತ್ತು. ದಿಬ್ಬದ ಆಚೆ ಇಳಿದ ಮನೆ ಯಾವುದೂ ಈವರೆಗೆ ವಾಪಸ್ ಬಂದಿಲ್ಲ. ಆಚೆ ಇಳಿದವರ ಬಗ್ಗೆ ನಮ್ಮವರು ಒಳ್ಳೆಯ ಮಾತನ್ನಷ್ಟೇ ಆಡುತ್ತಾರೆ, ಸತ್ತವರ ಬಗ್ಗೆ ಆಡುವ ಹಾಗೆ.

ಇಳಿಯಲಿ ಬಿಡು ಎಂದುಕೊಂಡಿದ್ದೆ. ಸುಳ್ಳೇನೂ ಅಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಆದರೆ ಹಾಲಿನ ಪುಟ್ಟಮಾದಮ್ಮ ಒಂದು ಬೆಳಿಗ್ಗೆ, ನಿಮ್ಮಿಬ್ಬರ ಸಿಟ್ಟಿನಿಂದ ನನ್ನ ಮೊಣಕಾಲು ಸವೆದುಹೋಯಿತು ಎಂಬ ನಿತ್ಯದ ದೂರನ್ನು ಮುಗಿಸಿ, ಹೊಸ ಸುದ್ದಿಯೊಂದನ್ನು ಪಾತ್ರೆಗೆ ಹಾಲಿನ ಜೊತೆ ಸುರಿದಳು.

"ನಿಮ್ಮಕ್ಕಾರು ಹೊಸಾ ಹಲ್ಲಿನ್ ಸೆಟ್ಟು ಹಾಕ್ಸವ್ರಂತೆ ಸಾ. ಯಾವ್ದೋ ದೊಡ್ಡೂರ್ ಡಾಕ್ಟ್ರು ಮಾಡ್ಕೊಟ್ರಂತೆ. ಮುತ್ತು ಪೋಣ್ಸಿದಂಗವಂತೆ."

ನನಗೆ ಹಾಲು ಸೇರಲಿಲ್ಲ. ಅಕ್ಕನ ಬಾಯಿಯಲ್ಲಿದ್ದ ಸೆಟ್ಟು ನಾನೇ ಮಾಡಿದ್ದು. ಅವಳ ಸ್ವಂತ ಹಲ್ಲಿನಲ್ಲಿ ಒಂದು ಸಣ್ಣ ಸೊಟ್ಟ ಇತ್ತು, ನಕ್ಕಾಗ ಮಾತ್ರ ಕಾಣುವಂಥದ್ದು. ಅದನ್ನು ಕೂಡ ಬಿಡದೆ ಅರೆದು ಕೂಡಿಸಿದ್ದೆ. ಆ ಹಲ್ಲಿನಿಂದಲೇ ನನ್ನ ಹೆಂಡತಿಯ ಸಾರನ್ನು ಹಂಗಿಸಿ, ಈಗ ಆ ಹಲ್ಲನ್ನೂ ಬಿಸಾಕಿ, ಯಾರೋ ದೊಡ್ಡೂರಿನವನ ಮುತ್ತನ್ನು ಏರಿಸಿಕೊಂಡು ಕೂತಿದ್ದಾಳೆಂದರೆ ಕಣ್ಣಾರೆ ನೋಡದೆ ನಂಬುವುದು ಹೇಗೆ? ಎರಡು ಫರ್ಲಾಂಗು ದೂರದ ಹಲ್ಲನ್ನು ನೋಡಲು ಬರಿಗಣ್ಣು ಸಾಲದು. ಹೀಗಾಗಿ ಎಂದೂ ಹಕ್ಕಿಗಳ ಗೊಡವೆಗೆ ಹೋಗದ ನಾನು ಲೋಹಿತಾಶ್ವನ ಫೋಟೋ ಸ್ಟುಡಿಯೋದ ಮೆಟ್ಟಿಲು ಹತ್ತಿದೆ.

ಲೋಹಿತಾಶ್ವ ಲೆನ್ಸು ಮಾರುವುದನ್ನು ಬಿಟ್ಟು ಬೇರೆಲ್ಲವನ್ನೂ ಬಲ್ಲವನಂತೆ ಮಾತಾಡುವವನು. ಯಾವ ಹಕ್ಕಿ ಸಾರ್ ಎಂದು ಕೇಳಿದ. ಹಳೆಯ ಹಕ್ಕಿ ಎಂದೆ. ಸ್ವಂತದ್ದೋ ಬೀಗರ ಕಡೆಯದ್ದೋ ಎಂದ. ಸ್ವಂತದ್ದು ಎಂದಾಗ ಮುಖ ಗಂಭೀರವಾಯಿತು. ಬೀಗರ ಕಡೆಯದ್ದಾದರೆ ಎಪ್ಪತ್ತು–ಮುನ್ನೂರು ಎಂಎಂನ ಜೂಮು ಧಾರಾಳವಂತೆ, ವರ್ಷಕ್ಕೊಂದು ಮದುವೆಯೋ ಮುಂಜಿಯೋ ಬಂದು ಆ ಹಕ್ಕಿಗಳು ತಾವಾಗಿಯೇ ಹತ್ತಿರವಾಗುತ್ತವಂತೆ. ಕೋರ್ಟಿನಲ್ಲಿ ತೀರ್ಮಾನವಾದ ಹಕ್ಕಿಗಳಿಗೆ ಜೂಮೇ ಬೇಡವಂತೆ, ಅವು ಇನ್ನು ಹತ್ತಿರಕ್ಕೂ ಬರುವುದಿಲ್ಲ, ದೂರಕ್ಕೂ ಹೋಗುವುದಿಲ್ಲ. ಒಡಹುಟ್ಟಿದ ಹಕ್ಕಿಯದ್ದೇ ಕಷ್ಟ, ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ ಎಂದು ಅವನು ನನ್ನ ಮುಂದೆ ಮೂರು ಲೆನ್ಸುಗಳನ್ನು ಮಲಗಿಸಿದ.

ಪರೀಕ್ಷೆಗೆಂದು ಅವನು ಗಿರಾಕಿಗಳನ್ನು ಅಂಗಡಿಯ ಹಿಂದಿನ ಬಾಗಿಲಿಗೆ ಕರೆದೊಯ್ಯುತ್ತಾನೆ. ಅಲ್ಲಿಂದ ಬಯಲಿನಾಚೆ ಅವನ ಅಡುಗೆಮನೆ ಕಾಣುತ್ತದೆ. ಆ ಮನೆಯ ವಿಷಯ ನಾವು ಯಾರೂ ಕೇಳುವುದಿಲ್ಲ. ಮೊದಲು ಕೊಟ್ಟದ್ದು ಎಪ್ಪತ್ತು–ಇನ್ನೂರರದ್ದು. ಬೆಳಕನ್ನು ಕುಡಿಯುವುದರಲ್ಲಿ ಇದರ ಸಮ ಇಲ್ಲ, ಮುಸ್ಸಂಜೆಯಲ್ಲೂ ಹಗಲಿನಂತೆ ಕಾಣುತ್ತದೆ ಎಂದ. ಕಂಡಿತು, ಆದರೆ ಹಗಲಿನಂಥ ಬೆಳಕಿನಲ್ಲಿ ಕಂಡದ್ದು ಯಾರೋ ಒಬ್ಬ ಹೆಂಗಸು ಎಂಬಷ್ಟೇ. ಮುನ್ನೂರರದ್ದರಲ್ಲಿ ಆ ಹೆಂಗಸು ಸಂಡಿಗೆ ಒಣಹಾಕುತ್ತಿರುವುದು ತಿಳಿಯಿತು. ಹಗುರ, ಚೀಲದಲ್ಲಿ ಹಾಕಿಕೊಂಡು ತರಕಾರಿಗೂ ಹೋಗಬಹುದು ಎಂದು ಅವನು ಹೊಗಳುತ್ತಿರುವಾಗ ನಾನು ನೂರೈವತ್ತು–ಆರುನೂರರದ್ದಕ್ಕೆ ಕೈ ಹಾಕಿದೆ. ಮೊದಲ ಸಲ ಎತ್ತಲಾಗಲಿಲ್ಲ. ಎರಡನೆಯ ಸಲ ಕಣ್ಣಿಟ್ಟು ತಿರುಗಿಸಿದರೆ ಅವನ ಹೆಂಡತಿಯ ಮುಖ ತುಂಬ ಸ್ಪಷ್ಟವಾಗಿ ಮುಂದೆ ಬಂದಿತು. ಆಕೆ ನಮ್ಮನ್ನೇ ನೋಡುತ್ತ ಮೂತಿ ತಿರುವಿದಳು.

"ಮೂತಿ ತಿರುಗಿಸಿದ್ದು ಕಾಣ್ತಾ ಸಾರ್?" ಎಂದು ಕೇಳಿದ ಲೋಹಿತಾಶ್ವ. ಕಾಣಿಸಿತು ಎಂದೆ. ಹಾಗಾದರೆ ಲೆನ್ಸು ಸರಿಯಾಗಿದೆ ಎಂದು ಒರೆಸಿ ಡಬ್ಬಕ್ಕಿಟ್ಟ.

ದೋಷಗಳನ್ನೂ ಅವನು ಮುಚ್ಚಿಡಲಿಲ್ಲ, ಎಲ್ಲವನ್ನೂ ಗುಣದ ಹಾಗೆ ಹೇಳಿದ. ಪೂರ್ತಿ ಉದ್ದಕ್ಕೆ ಎಳೆದರೆ ಇದು ಬೆಳಕಿಲ್ಲದೆ ಒದ್ದಾಡುತ್ತದೆ, ಸಂಜೆ ಐದಾದರೆ ಕುರುಡು. ಆದ್ದರಿಂದ ಮನುಷ್ಯ ಹೊತ್ತಿಗೆ ಸರಿಯಾಗಿ ಒಳಗೆ ಹೋಗುತ್ತಾನೆ. ಬಿಸಿಲೇರಿದ ಮೇಲೆ ನಡುವಿನ ಗಾಳಿ ಕುಣಿದು ಮುಖಗಳು ನೀರಿನಲ್ಲಿ ಕಂಡಂತಾಗುತ್ತವೆ. ಅದು ಲೆನ್ಸಿನ ತಪ್ಪಲ್ಲ, ನಡುವೆ ಅಷ್ಟು ಗಾಳಿ ಬಿಟ್ಟುಕೊಂಡವರ ತಪ್ಪು. ಕೈ ನಡುಗಿದರೆ ಒಳಗಿನ ಯಂತ್ರ ತಡೆಯುತ್ತದೆ, ಕೋಪದ ನಡುಕಕ್ಕೆ ಮಾತ್ರ ಗ್ಯಾರಂಟಿ ಇಲ್ಲ. ಹತ್ತು ಅಡಿಗಿಂತ ಹತ್ತಿರ ಬಂದದ್ದನ್ನು ಹಿಡಿಯುವುದಿಲ್ಲ. ಹತ್ತಿರ ಬಂದರೆ ಏನು ಮಾಡುವುದು ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಆ ದೂರು ಯಾರೂ ತಂದಿಲ್ಲ ಎಂದ. ನಾನು ಲೆಕ್ಕ ಹಾಕಿದೆ. ಅಕ್ಕ ಬಾಯಿ ತೆರೆಯುವುದು ಬೆಳಗಿನ ತಿಂಡಿಗೆ, ಎಳೆಬಿಸಿಲಿನಲ್ಲಿ, ತಾರಸಿಯ ಮೇಲೆ ಕೂತು. ಆ ಹೊತ್ತಿಗೆ ಬೆಳಕೂ ಇರುತ್ತದೆ, ಗಾಳಿಯೂ ಕುಣಿಯುವುದಿಲ್ಲ. ಹೀಗೆ ಅಳೆದು ಸುರಿದು ಆರುನೂರರದ್ದನ್ನೇ ಆರಿಸಿ, ಅದಕ್ಕೆ ತಕ್ಕ ಕ್ಯಾಮೆರಾ, ಸ್ಟ್ಯಾಂಡು ಸಮೇತ ಆಟೋದಲ್ಲಿ ಹೇರಿಕೊಂಡು ಬಂದೆ. ದಾರಿಯಲ್ಲಿ ಸಿಕ್ಕವರೆಲ್ಲ ಹಕ್ಕಿಗಾ ಎಂದು ಕೇಳಿದರು. ಹಕ್ಕಿಗೇ ಎಂದೆ.

ಮಾರನೆಯ ಬೆಳಿಗ್ಗೆ ತಾರಸಿಯ ಮೇಲೆ ಅದನ್ನು ನಿಲ್ಲಿಸಿ ದಿಬ್ಬದ ಕಡೆ ತಿರುಗಿಸಿದೆ. ಮೊದಲು ಒಂದು ಮೇಕೆಯ ಕಿವಿ ಸಿಕ್ಕಿತು. ಆಮೇಲೆ ಯಾರದೋ ಟ್ಯಾಂಕು. ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದಾಗ ಅಕ್ಕನ ಹಸಿರು ಬಾಗಿಲು, ಅಕ್ಕನ ತುಳಸಿ, ತಾರಸಿಯ ತಂತಿಯ ಮೇಲೆ ಅಕ್ಕನ ಬೂದು ಸೀರೆ. ಸೀರೆಯ ಪಕ್ಕದಲ್ಲಿ ಮೂರು ಕಾಲಿನ ಸ್ಟ್ಯಾಂಡು. ಅದರ ಮೇಲೆ ನನ್ನದರಂಥದ್ದೇ ಒಂದು ಲೆನ್ಸು, ನೇರ ನನ್ನ ಕಡೆಗೆ ತಿರುಗಿದ್ದು. ಹಿಂದೆ ಅಕ್ಕ.

ನನಗೆ ಮೊದಲು ಬಂದದ್ದು ಕೋಪ. ನನಗಿಂತ ಮುಂಚೆಯೇ ಕೊಂಡಿದ್ದಾಳೆ. ನಾನು ಬನಿಯನ್ನಿನಲ್ಲಿ ಹಲ್ಲುಜ್ಜುವುದು, ಒಬ್ಬನೇ ಉಪ್ಪಿಟ್ಟು ತಳ ಹತ್ತಿಸಿಕೊಂಡು ಬಾಣಲೆ ಸಮೇತ ಹೊರಗೆ ಓಡಿಬರುವುದು, ದಾಕ್ಷಾಯಿಣಿಯ ಕುರ್ಚಿಯನ್ನು ಬಿಸಿಲಿಗಿಟ್ಟು ಸುಮ್ಮನೆ ಅದರ ಪಕ್ಕ ನಿಲ್ಲುವುದು, ಎಲ್ಲವನ್ನೂ ನೋಡಿದ್ದಾಳೆ. ಆದರೂ ಒಂದು ಹೆಜ್ಜೆ ಈ ಕಡೆ ಇಟ್ಟಿಲ್ಲ. ನಾನು ಕಣ್ಣು ತೆಗೆಯಲಿಲ್ಲ. ತೆಗೆದರೆ ಅದೂ ಸೋಲಾದೀತು ಎಂದು ಹೆದರಿದ್ದೆ.

ಅಕ್ಕನೇ ಕ್ಯಾಮೆರಾದಿಂದ ತಲೆಯೆತ್ತಿದಳು. ಆಗ ಅವಳ ಮುಖ ನೋಡಿದೆ. ಎಷ್ಟೋ ಬಾಯಿಗಳನ್ನು ಕಂಡವನು ನಾನು, ಮುತ್ತನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ. ತುಟಿ ಒಳಗೆ ಹೋಗಿತ್ತು, ಗದ್ದ ಮೂಗಿನ ಕಡೆ ಬಂದಿತ್ತು, ಕೆನ್ನೆಯಲ್ಲಿ ಹಳ್ಳ. ಬಾಯಿಯಲ್ಲಿ ಯಾರ ಹಲ್ಲೂ ಇರಲಿಲ್ಲ, ದೊಡ್ಡೂರಿನವನದ್ದೂ ಇಲ್ಲ, ನನ್ನದೂ ಇಲ್ಲ. ಕಟ್ಟೆಯ ಮೇಲಿದ್ದ ಲೋಟದಲ್ಲಿ ಬನ್ನು ನೆನೆಹಾಕಿಕೊಂಡು ಚಮಚದಿಂದ ತಿನ್ನುತ್ತಿದ್ದಳು. ಒಣಗಿದ ರೊಟ್ಟಿಯನ್ನು ಕಟಕಟ ಕಡಿದು, ಊರನ್ನೂ ಅದೇ ಹದದಲ್ಲಿ ಕಡಿಯುತ್ತಿದ್ದ ನನ್ನಕ್ಕ. ತೋಳು ಎಷ್ಟು ಸಣ್ಣಗಾಗಿತ್ತೆಂದರೆ ಬಳೆ ಮೊಣಕೈವರೆಗೆ ಜಾರಿತ್ತು.

ಆಮೇಲೆ ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಏನೋ ತೆಗೆದಳು. ಎರಡು ಕೈಯಲ್ಲಿ ಎರಡು ಗುಲಾಬಿ ಚೂರು. ಮೇಲಿನ ಸೆಟ್ಟು, ಸರಿಯಾಗಿ ನಡುವೆ ಮುರಿದಿತ್ತು. ಆ ಎರಡು ಚೂರನ್ನು ನನ್ನ ಕಡೆ ಎತ್ತಿ ಹಿಡಿದು, ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿ, ಅವೇ ನನ್ನನ್ನು ಬೈಯುತ್ತಿರುವಂತೆ ಆಡಿಸಿ ತೋರಿಸಿದಳು. ನಾನು ಒಬ್ಬನೇ ನಕ್ಕುಬಿಟ್ಟೆ. ಆದರೆ ಪುಟ್ಟಮಾದಮ್ಮ ಕೆಳಗೆ ಬಂದು ಕೂಗಿರಬೇಕು, ಅಕ್ಕ ತಟ್ಟನೆ ಚೂರುಗಳನ್ನು ಮುಚ್ಚಿಟ್ಟು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಮೆಟ್ಟಿಲಿಳಿದಳು. ಯಾರೆದುರೂ ಬಾಯಿ ಮುಚ್ಚಿದವಳಲ್ಲ ಅವಳು. ಈಗ ಹಾಲಿನವಳ ಎದುರು ಸೆರಗು ಮುಚ್ಚಿಕೊಳ್ಳುವ ಹಾಗಾಯಿತಲ್ಲ. ಲೆನ್ಸನ್ನು ಖಾಲಿ ತಾರಸಿಯಿಂದ ಕೆಳಗಿಳಿಸಿ ನೋಡಿದೆ. ಅಕ್ಕನ ಬಾಗಿಲಿನ ಮೆಟ್ಟಿಲಿನಿಂದ ದಿಬ್ಬದ ನೆತ್ತಿಗೆ ಹೆಚ್ಚು ದೂರ ಉಳಿದಿರಲಿಲ್ಲ.

ಅಚ್ಚು ತೆಗೆಯುವ ತಟ್ಟೆಗಳು, ಪುಡಿ, ರಬ್ಬರಿನ ಬಟ್ಟಲು, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ನನಗೆ ನಾನೇ, ಇದು ಅಕ್ಕನ ಮನೆಗೆ ಹೋಗುವುದಲ್ಲ, ಪೇಷೆಂಟನ್ನು ನೋಡಲು ಹೋಗುವುದು ಎಂದು ಹೇಳಿಕೊಂಡೆ. ಊರು ಅದನ್ನು ಒಪ್ಪಲಿಲ್ಲ. ನಾನು ಬಯಲಿಗೆ ಕಾಲಿಟ್ಟದ್ದೇ ತಡ, ತಾರಸಿಗಳ ಮೇಲಿನ ಲೆನ್ಸುಗಳೆಲ್ಲ ತಮ್ಮ ತಮ್ಮ ಹಕ್ಕಿಗಳನ್ನು ಬಿಟ್ಟು ನನ್ನ ಕಡೆ ತಿರುಗಿದವು. ವರ್ಷಗಟ್ಟಲೆ ಅಣ್ಣನ ಮನೆಯನ್ನು ಬಿಟ್ಟು ಬೇರೇನೂ ನೋಡದ ಮಹನೀಯರೊಬ್ಬರು ಮೇಲಿಂದಲೇ, ಸೋತಿರಾ ಸಾರ್ ಎಂದು ಅನುಕಂಪದಿಂದ ವಿಚಾರಿಸಿದರು. ಕೆಲಸದ ಮೇಲೆ ಹೊರಟಿದ್ದೇನೆ ಎಂದೆ. ಹಾಗೇ ಹೇಳುತ್ತಾರೆ ಎಲ್ಲರೂ ಎಂದರು. ಎಲ್ಲರೂ ಎಂದರೆ ಯಾರು ಎಂದು ಕೇಳಬೇಕೆನಿಸಿತು. ಆ ಬಯಲಿನಲ್ಲಿ ಪುಟ್ಟಮಾದಮ್ಮನ ಕಾಲುಹಾದಿ ಬಿಟ್ಟರೆ ಇನ್ನೊಂದು ಇರಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹಲ್ಲಿಲ್ಲದ ಬಾಯಿಯ ಮಾತನ್ನು ನಾನಿಲ್ಲಿ ತಿದ್ದಿ ಬರೆಯುತ್ತಿದ್ದೇನೆ, ಅಷ್ಟು ಮರ್ಯಾದೆ ಅವಳಿಗೆ ಸಲ್ಲಬೇಕು. ಯಾರು ಬೇಕಾಗಿತ್ತು ಎಂದು ಕೇಳಿದಳು. ಪೇಷೆಂಟು ಎಂದೆ. ಕೈ ತೊಳೆದುಕೊಂಡು ಬಾ, ಯಾರ್ಯಾರ ಬಾಯಿಗೆ ಹಾಕಿದ ಕೈಯೋ ಏನೋ ಎಂದಳು. ಮುತ್ತಿನ ಸೆಟ್ಟು ಎಲ್ಲಿ ಎಂದು ಕೇಳಿದ್ದಕ್ಕೆ, ಅದನ್ನು ಪುಟ್ಟಮಾದಮ್ಮನ ಕೈಲಿ ತಾನೇ ಹೇಳಿಸಿದ್ದೆಂದೂ, ಹಲ್ಲು ಮುರಿದಿದೆ ಎಂದು ಹೇಳಿಸಿದ್ದರೆ ನಾನು ಕನಿಕರಪಟ್ಟು ಮನೆಯಲ್ಲೇ ಕೂತಿರುತ್ತಿದ್ದೆನೆಂದೂ, ಹೊಟ್ಟೆಕಿಚ್ಚಾದರೆ ಒಂದು ಲೆನ್ಸನ್ನಾದರೂ ಕೊಳ್ಳುವೆನೆಂದು ತನಗೆ ಗೊತ್ತಿತ್ತೆಂದೂ ಹೇಳಿದಳು.  ಕುರ್ಚಿ ಬೆಳಕಿಗೆ ಎಳೆದು ಕೂರಿಸಿ, ಪುಡಿ ಕಲಸಿ, ತಟ್ಟೆಗೆ ತುಂಬಿ, ಮೇಲಿನ ವಸಡಿಗೆ ಒತ್ತಿ ಹಿಡಿದೆ. ಮೂಗಿನಲ್ಲಿ ಉಸಿರಾಡು, ಮಾತಾಡಬೇಡ ಎಂದೆ. ಅರವತ್ತು ದಾಟಿದ ನನ್ನ ಆಯುಷ್ಯದಲ್ಲಿ ಅಕ್ಕ ನನ್ನೆದುರು ಮಾತಾಡದೆ ಕೂತದ್ದು ಅದೇ ಮೊದಲು. ಹಿಟ್ಟು ಗಟ್ಟಿಯಾಗುವವರೆಗೆ ಆ ಅವಕಾಶ ನನ್ನದು.

"ಅಕ್ಕ, ಅವತ್ತು ನೂರು ಜನರ ಮುಂದೆ ನೀನು ಅಂದದ್ದು ನನಗೆ ಇನ್ನೂ ನುಂಗೋಕಾಗ್ತಿಲ್ಲ," ಎಂದೆ. "ಅವಳನ್ನ ಮಣ್ಣು ಮಾಡಿ ಬಂದು ಇನ್ನೂ ಕೈ ಒಣಗಿರಲಿಲ್ಲ. ಅವಳಿದ್ದಾಗ ನೀನು ಏನು ಬೇಕಾದರೂ ಅಂತಿದ್ದೆ, ಅವಳೂ ಅಂತಿದ್ದಳು. ಅವತ್ತು ತಿರುಗಿ ಅನ್ನೋಕೆ ಅವಳಿರಲಿಲ್ಲ. ಯಾರೂ ಇಲ್ಲದ ಹೊತ್ತಲ್ಲಿ ನನಗೆ ನೀನಾದರೂ ಇರ್ತೀಯ ಅಂದ್ಕೊಂಡಿದ್ದೆ."

ಇನ್ನೂ ಇತ್ತು ಹೇಳುವುದು, ಅಷ್ಟರಲ್ಲಿ ಅಕ್ಕನ ಕಣ್ಣಿನಿಂದ ನೀರು ಇಳಿದು ನನ್ನ ಬೆರಳ ಮೇಲೆ ಬಿತ್ತು. ಅಚ್ಚು ತೆಗೆಯುವಾಗ ಎಲ್ಲರಿಗೂ ಕಣ್ಣಲ್ಲಿ ನೀರು ಬರುತ್ತದೆ, ನಾನು ಅದಕ್ಕೆ ಹೆಚ್ಚಿನ ಬೆಲೆ ಕೊಡುವವನಲ್ಲ. ಹಿಟ್ಟು ಗಟ್ಟಿಯಾಗಿತ್ತು. ತಟ್ಟೆಯನ್ನು ಎಳೆದು ತೆಗೆದೆ. ಅವಳು ಬಾಯಿ ಮುಕ್ಕಳಿಸಿ, ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡಳು. ಬೈಗುಳಕ್ಕೆ ನಾನು ಸಿದ್ಧನಾದೆ.

"ಕೆಟ್ಟದಾಗೇ ಮಾಡ್ತಿದ್ದಳು ಕಣೋ ಸಾರನ್ನ," ಎಂದಳು. "ಒಂದಿನ ಉಪ್ಪು ಹೆಚ್ಚು, ಇನ್ನೊಂದಿನ ಹಾಕೋದೇ ಮರೆತಿರೋಳು. ಆದರೂ ದಿನಾ ಗೋಡೆ ಮೇಲಿಂದ ಇಸ್ಕೊಂಡೆ, ದಿನಾ ಬೈದೆ, ದಿನಾ ತಿಂದೆ. ಅವತ್ತು ಎಲೆಗೆ ಬಿದ್ದ ಸಾರು ರುಚಿಯಾಗಿತ್ತು ಷಡಕ್ಷರಿ. ಅವಳು ಹೋದಳು ಅಂತ ನನಗೆ ಗೊತ್ತಾಗಿದ್ದೇ ಆಗ. ಮಣ್ಣು ಹಾಕಿದಾಗಲೂ ಗೊತ್ತಾಗಿರಲಿಲ್ಲ. ಅದನ್ನೇ ಅಂದೆ, ಬೇರೆ ಮಾತು ನನ್ನ ಬಾಯಿಗೆ ಬರಲಿಲ್ಲ."

 ನಾನು ತಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ, ನೋಡುವವರು ತಾರಸಿಯಿಂದ ತಾರಸಿಗೆ ಸುದ್ದಿ ಮುಟ್ಟಿಸಿಕೊಳ್ಳಲಿ ಎಂದು ಬಾಗಿಲು ತೆರೆದೇ ಇಟ್ಟಿದ್ದೆ. ಅಚ್ಚಿನ ಮೇಲೆ ಕಣ್ಣೀರು ಬೀಳಿಸಿ ಹಾಳುಮಾಡಿ ಆಮೇಲೆ ನನ್ನ ವಸಡಿನ ಮೇಲೆ ತಪ್ಪು ಹೊರಿಸಬೇಡ ಎಂದು ಅಕ್ಕ ತಟ್ಟೆಯನ್ನು ಕಿತ್ತುಕೊಂಡು ಕಿಟಕಿಯ ಮೇಲಿಟ್ಟಳು. ಆ ಹೊತ್ತಿನಲ್ಲಿ ಮನೆ ಕದಲಿತೋ ಇಲ್ಲವೋ ನಾನು ನೋಡಲಿಲ್ಲ. ಅವಳು ದಾಕ್ಷಾಯಿಣಿಯ ಒಂದು ಹಬ್ಬದ ಒಬ್ಬಟ್ಟಿನ ಕಥೆ ಎತ್ತಿಕೊಂಡಿದ್ದಳು, ಅದನ್ನು ಹರಿಯಲು ಇಬ್ಬರು ಎರಡು ಕಡೆಯಿಂದ ಎಳೆಯಬೇಕಾಯಿತಂತೆ, ಆಗ ತನಗಿನ್ನೂ ಸ್ವಂತ ಹಲ್ಲಿತ್ತಂತೆ, ಆದರೂ ಆಗಲಿಲ್ಲವಂತೆ. ಅದಾದ ಮೇಲೆ ಸೀದುಹೋದ ಪಾಯಸ, ಕಲ್ಲಾದ ಇಡ್ಲಿ. ಮೇಲಿನದಕ್ಕೆ ಜೋಡಿ ಕೂಡಲೆಂದು ಕೆಳಗಿನ ವಸಡಿಗೂ ಕಲಸಿದ್ದ ಹಿಟ್ಟು ಬಟ್ಟಲಿನಲ್ಲೇ ಗಟ್ಟಿಯಾಯಿತು. ಆ ಅಚ್ಚು ತೆಗೆಯಬೇಕಾದರೆ ಅವಳು ಮಾತು ನಿಲ್ಲಿಸಬೇಕಾಗಿತ್ತು. ನಾನು ನಿಲ್ಲಿಸು ಎನ್ನಲಿಲ್ಲ.